ತೇವ ಓಡಿಸುವವನ ಮನೆಗೆ ಬಂದ ಹಾವು

ನಮ್ಮ ಕಣಿವೆಯಲ್ಲಿ ಮಳೆ ಬಂತು ಎಂದು ಯಾರೂ ಹೇಳುವುದಿಲ್ಲ, ನಿಂತರೆ ಮಾತ್ರ ಹೇಳುತ್ತಾರೆ. ನಮ್ಮೂರು ಟಾಡ್‌ಮರ್ಡನ್ನಿನ ಕಲ್ಲಿನ ಮನೆಗಳು ಬೆಟ್ಟಕ್ಕೆ ಬೆನ್ನು ಹಚ್ಚಿಕೊಂಡು ಸಾಲಾಗಿ ನಿಂತಿವೆ. ಎಷ್ಟೋ ಮನೆಗಳ ಹಿಂದಿನ ಗೋಡೆಗೆ ಕಿಟಕಿಯೇ ಇಲ್ಲ, ಅದರಾಚೆ ಇರುವುದು ಬರೀ ಮಣ್ಣು. ಮಣ್ಣು ಕುಡಿದ ನೀರನ್ನು ಗೋಡೆ ಕುಡಿಯುತ್ತದೆ, ಗೋಡೆ ಕುಡಿದದ್ದನ್ನು ಮನೆಯವರ ಬಟ್ಟೆಬರೆ, ಹಾಸಿಗೆ, ಪುಪ್ಪುಸ ಎಲ್ಲವೂ ಹಂಚಿಕೊಳ್ಳುತ್ತವೆ. ಟ್ರೆವರ್ ಲಮ್ ನಲವತ್ತೆರಡು ವರ್ಷ ಹೊಟ್ಟೆ ಹೊರೆದದ್ದು ಈ ತೇವದ ಮೇಲೆಯೇ. ಗೋಡೆಯ ಬುಡಕ್ಕೆ ತೂತು ಕೊರೆದು ಮದ್ದು ತುಂಬುವುದು, ನೆಲಮಾಳಿಗೆಗೆ ನೀರು ಇಳಿಯದಂಥ ಗಾರೆ ಬಳಿಯುವುದು, ಬೂಷ್ಟು ಹಿಡಿದ ಮೂಲೆಗೆ ಗಾಳಿಯ ದಾರಿ ತೆರೆಯುವುದು ಅವನ ಕಸುಬು. ಎರಡು ಮೊಳೆಯ ಮೂತಿಯ ಪುಟ್ಟ ಮೀಟರೊಂದು ಸದಾ ಅವನ ಕೋಟಿನ ಜೇಬಿನಲ್ಲಿರುತ್ತಿತ್ತು. ಗೋಡೆಗೆ ಒತ್ತಿದರೆ ಎಷ್ಟು ತೇವವಿದೆ ಎಂದು ಅಂಕಿ ತೋರಿಸುತ್ತದೆ. ಹದಿನಾರರ ಒಳಗಿದ್ದರೆ ಒಣಗೋಡೆ, ಇಪ್ಪತ್ತು ದಾಟಿತೋ ಟ್ರೆವರ್‌ಗೆ ಕೆಲಸ. ಸ್ವಂತ ಮಾವನ ಅಂತ್ಯಕ್ರಿಯೆಯ ದಿನ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಾಗ, ಚರ್ಚಿನ ಕಂಬಕ್ಕೆ ಮೀಟರು ಒತ್ತಿ ನೋಡಿ, ಆಮೇಲೆ ಪಾದ್ರಿಗೆ ಚೀಟಿ ಬರೆದುಕೊಟ್ಟ ಮಹಾನುಭಾವ.

ಅವನು ಗ್ಲೆನಿಸ್‌ಳನ್ನು ಕಂಡದ್ದೂ ಒಂದು ಒದ್ದೆ ಗೋಡೆಯ ದೆಸೆಯಿಂದಲೇ. ಅವಳ ತಾಯಿಯ ಮನೆಯ ಹಿಂಗೋಡೆ ಜಿನುಗುತ್ತಿತ್ತು, ಇಪ್ಪತ್ತೇಳರ ಗ್ಲೆನಿಸ್ ಉಬ್ಬಸ ಹೆಚ್ಚಾಗಿ ಆಸ್ಪತ್ರೆಯಿಂದ ಆಗತಾನೇ ಬಂದು ಕುರ್ಚಿಯಲ್ಲಿ ಕೂತಿದ್ದಳು. ಟ್ರೆವರ್ ಗೋಡೆ ಒಣಗಿಸಿದ. ಮದುವೆಯ ದಿನ, "ನಿನ್ನ ಮನೆಗೆ ಒಂದು ಹನಿ ತೇವ ಬರಲು ಬಿಡೋದಿಲ್ಲ" ಎಂದು ಮಾತು ಕೊಟ್ಟ. ಬೇರೆ ಗಂಡಂದಿರು ಚಿನ್ನ, ಸಮುದ್ರತೀರ ಎಂದೆಲ್ಲ ಹೇಳುವ ಹೊತ್ತಿನಲ್ಲಿ ಇವನು ಹೇಳಿದ್ದು ಇಷ್ಟೇ. ಆದರೆ ಹೇಳಿದ್ದನ್ನು ಮೂವತ್ತನಾಲ್ಕು ವರ್ಷ ನಡೆಸಿದ. ಮನೆಯೊಳಗೆ ಬಟ್ಟೆ ಒಣಹಾಕುವಂತಿಲ್ಲ. ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಇರಲೇಬೇಕು. ಸ್ನಾನ ಮುಗಿಸಿ ಬಂದವರು ಬಚ್ಚಲಿನ ಗೋಡೆ ಒರೆಸಿಯೇ ಬರಬೇಕು. ನೆಂಟರು ಬಂದರೆ ಅವರಿಗೂ ಒಂದು ಒರೆಸುವ ಬಟ್ಟೆ ಕೈಗೆ ಸಿಗುತ್ತಿತ್ತು.

ಇಂಥವನಿಗೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಹಾವು ಸಾಕುವ ಆಸೆ ಹುಟ್ಟಿತು.

ಆಗಲೇ ಅವನು ವಾರಕ್ಕೆ ಎರಡೇ ದಿನ ಕೆಲಸಕ್ಕೆ ಹೋಗುತ್ತಿದ್ದ. ಹಡರ್ಸ್‌ಫೀಲ್ಡಿನ ಒಬ್ಬ ಮೇಷ್ಟರ ಮನೆಗೆ ಗೋಡೆ ನೋಡಲು ಹೋದಾಗ, ಅವರು ತೋಳಿಗೆ ಕಂದುಬಣ್ಣದ ಹಾವೊಂದನ್ನು ಸುತ್ತಿಕೊಂಡೇ ಬಾಗಿಲು ತೆಗೆದರು. ಮೇಷ್ಟರು ಕಿಟಕಿಯ ಕಡೆ ತಿರುಗಿದರು, ಬಿಸಿಲು ಬಿತ್ತು. ಕಂದುಬಣ್ಣದ ಹಾವು ಒಮ್ಮೆಲೇ ನೀಲಿಯಾಯಿತು, ಹಸಿರಾಯಿತು, ನೇರಳೆಯಾಯಿತು. ರಸ್ತೆಗುಂಡಿಯ ನೀರಿನ ಮೇಲೆ ಪೆಟ್ರೋಲು ಬಿದ್ದಾಗ ಆಗುತ್ತದಲ್ಲ, ಹಾಗೆ. ರೇನ್‌ಬೋ ಬೋವಾ ಎಂದು ಅದರ ಹೆಸರು, ವಿಷವಿಲ್ಲ, ಬ್ರೆಜಿಲ್ ಕಡೆಯ ಕಾಡಿನದು, ಇಲ್ಲಿ ಸಾಕಿದವರ ಮನೆಗಳಲ್ಲೇ ತಲೆಮಾರುಗಳಿಂದ ಮರಿಯಾಗುತ್ತಿದೆ ಎಂದರು ಮೇಷ್ಟರು. ಟ್ರೆವರ್ ಆ ದಿನ ಮೀಟರು ಜೇಬಿನಿಂದ ತೆಗೆಯುವುದನ್ನೇ ಮರೆತ. ಜೀವಮಾನವಿಡೀ ಬೂದು ಗೋಡೆ, ಬೂದು ಗಾರೆ, ಬೂದು ಆಕಾಶ ನೋಡಿದ ಕಣ್ಣು ಅದು. ತನಗೆಂದು ಏನನ್ನೂ ಬಯಸಿ ಗೊತ್ತಿಲ್ಲದವನಿಗೆ ಅದು ಬೇಕೆನಿಸಿತು. ಬೇಕೆಂದು ಹೇಳಲು ನಾಚಿಕೆಯಾಗಿ ಮೂರು ತಿಂಗಳು ಬಾಯಿ ಬಿಡಲಿಲ್ಲ.

ಕೊನೆಗೆ ಒಂದು ಭಾನುವಾರ ಊಟದ ಮೇಜಿನಲ್ಲಿ ಹೇಳಿದ.

"ಹಾವಾ?" ಎಂದಳು ಗ್ಲೆನಿಸ್. ಮಾಂಸದ ಪೈ ಕತ್ತರಿಸುತ್ತಿದ್ದ ಅವಳ ಕೈ ನಿಲ್ಲಲಿಲ್ಲ. "ನಾನೆಲ್ಲೋ ಮೋಟರ್‌ಸೈಕಲ್ ಕೇಳ್ತೀಯ ಅಂದ್ಕೊಂಡಿದ್ದೆ. ನಮ್ಮಕ್ಕನ ಗಂಡನಿಗೆ ಈ ವಯಸ್ಸಲ್ಲಿ ಅದೇ ಹುಚ್ಚು ಹಿಡೀತು."

"ಚಿಕ್ಕದು. ಒಂದು ವರ್ಷದ ಮರಿ. ನಿನಗೆ ಹೆದರಿಕೆ ಆದ್ರೆ ಬೇಡ."

"ಹಾವಿಗೆ ಯಾರು ಹೆದರ್ತಾರೆ? ಏನು ತಿನ್ನುತ್ತೆ ಅದು?"

"ಇಲಿ. ಸತ್ತಿದ್ದು. ಫ್ರೀಜರಲ್ಲಿ ಇಟ್ಕೋಬೇಕು."

ಈಗ ಕೈ ನಿಂತಿತು. "ನನ್ನ ಬಟಾಣಿ ಪಕ್ಕ ಇಟ್ಯೋ, ನೀನೂ ಹಾವೂ ಒಟ್ಟಿಗೆ ಹೊರಗೆ. ಬೇರೆ ಫ್ರೀಜರ್ ತಗೊ, ಗ್ಯಾರೇಜಲ್ಲಿಟ್ಕೋ" ಎಂದಳು. ಅವಳು ಹಾಕಿದ ಷರತ್ತು ಅದೊಂದೇ.

ಟ್ರೆವರ್ ಪೆಟ್ಟಿಗೆಯನ್ನು ಮೊದಲು ಮಾಡಿದ. ಒಳ್ಳೆಯ ಮರ, ಮೂಲೆಗಳಲ್ಲಿ ಒಂದು ಕೂದಲು ಹೋಗದಂಥ ಜೋಡಣೆ, ಮುಂದೆ ಸರಿಯುವ ಗಾಜು, ಬಿಸಿ ಹೆಚ್ಚಾದರೆ ತಾನೇ ಆರುವ ಒಂದು ಕರೆಂಟಿನ ಕಾವುಹಾಸು. ಎರಡೂ ಪಕ್ಕಕ್ಕೆ ಅಂಗೈಯಗಲದ ಗಾಳಿಕಿಂಡಿ, ಮೇಲೆ ತಂತಿಬಲೆ. ಗಾಳಿಯಾಡದ ಜಾಗದಲ್ಲಿ ಬೂಷ್ಟು ಬರುತ್ತದೆ ಎಂಬುದು ಅವನಿಗೆ ಪಾಠ ಓದಿ ತಿಳಿದದ್ದಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಣಿವೆಯಲ್ಲಿ ಅಷ್ಟು ಚೆನ್ನಾಗಿ ಗಾಳಿಯಾಡುವ ಮನೆ ಮನುಷ್ಯರಿಗೂ ಇರಲಿಲ್ಲ.

ಜೂನ್‌ನಲ್ಲಿ ಡಾನ್‌ಕಾಸ್ಟರ್‌ನ ಹಾವಿನ ಸಂತೆಗೆ ಹೋದ. ದೊಡ್ಡ ಹಾಲಿನ ತುಂಬ ಮೇಜುಗಳು, ಮೇಜಿನ ತುಂಬ ಪಾರದರ್ಶಕ ಡಬ್ಬಿಗಳು, ಡಬ್ಬಿಗೊಂದು ಹಾವು. ಮೈತುಂಬ ಹಚ್ಚೆ ಹಾಕಿಸಿಕೊಂಡ ಹುಡುಗರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಅವರ ನಡುವೆ ಭಾನುವಾರದ ಕೋಟು ತೊಟ್ಟ ಟ್ರೆವರ್. ಬ್ರೆಂಡಾ ಓಲ್ಡ್‌ರಾಯ್ಡ್ ಎಂಬ ದಪ್ಪ ಹೆಂಗಸಿನ ಮೇಜಿನ ಮುಂದೆ ಅವನ ಕಾಲು ನಿಂತಿತು. ಬ್ರೆಂಡಾ ಬಾರ್ನ್ಸ್‌ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು, ಈಗ ಈ ಒಂದು ಜಾತಿಯ ಹಾವನ್ನೇ ಸಾಕಿ ಮರಿ ಮಾಡಿಸುವವಳು. ಎಲ್ಲರೂ ದುಡ್ಡು ಕೊಟ್ಟವರಿಗೆ ಹಾವು ಕೊಡುತ್ತಿದ್ದರೆ ಇವಳು ಸಂಬಂಧ ನೋಡುವ ಹೆಣ್ಣಿನ ತಾಯಿಯ ಹಾಗೆ ವಿಚಾರಣೆ ಮಾಡುತ್ತಿದ್ದಳು.

"ಮುಂಚೆ ಏನು ಸಾಕಿದ್ದೆ, ರಾಜಾ?"

"ಏನೂ ಇಲ್ಲ."

"ಕೆಲಸ?"

"ಗೋಡೆ ತೇವ ಓಡಿಸೋದು. ನಲವತ್ತೆರಡು ವರ್ಷ ಆಯ್ತು."

ಬ್ರೆಂಡಾ ಮೇಜು ಅಲುಗುವಷ್ಟು ನಕ್ಕಳು. "ಅಯ್ಯೋ ದೇವರೇ! ಹಂಗಾದ್ರೆ ನಿನಗೆ ಹಾವು ಕೊಡಲ್ಲ ಹೋಗಪ್ಪ."

ಟ್ರೆವರ್ ಅದನ್ನು ತಮಾಷೆ ಎಂದುಕೊಂಡ. ಮೊಬೈಲಿನಲ್ಲಿ ತನ್ನ ಪೆಟ್ಟಿಗೆಯ ಚಿತ್ರ ತೋರಿಸಿದ. ಬ್ರೆಂಡಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಕೆಲಸ ಮಾತ್ರ ಅಚ್ಚುಕಟ್ಟು. ಆದ್ರೆ ಇದು ಇಸ್ತ್ರಿ ಮಾಡಿದ ಅಂಗಿ ಇಡೋ ಕಪಾಟು. ನನ್ನ ಮಕ್ಕಳಿಗೆ ಮಳೆಕಾಡು ಬೇಕು. ಆ ಕಿಂಡಿ ಮುಚ್ಚು, ಬಲೆ ತೆಗೆದು ಹಲಗೆ ಹಾಕು, ಕೆಳಗೆ ಒದ್ದೆ ಪಾಚಿ ಗೇಣೆತ್ತರ ಹಾಸು. ಒಳಗಿನ ಗಾಳಿಯ ತೇವ ನೂರಕ್ಕೆ ಎಂಬತ್ತರ ಕೆಳಗೆ ಇಳೀಲೇಬಾರದು. ಬೇರೆ ಹಾವು ಒಣಗಿದ್ರೆ ತಡ್ಕೊಳ್ಳುತ್ತೆ, ಇದು ತಡ್ಕೊಳ್ಳಲ್ಲ. ಕೇಳಿಸ್ತಾ?"

"ತೇವದ ವಿಷಯ ನನಗೆ ಹೇಳ್ಬೇಕಾ ಅಮ್ಮಾ?" ಎಂದು ನಕ್ಕ ಟ್ರೆವರ್.

"ನಿನಗೇ ಹೇಳ್ಬೇಕು" ಎಂದಳು ಬ್ರೆಂಡಾ. ಮರಿಯೊಂದನ್ನು ಇಳಿಸಿದ ಡಬ್ಬಿಯ ಮುಚ್ಚಳದ ಮೇಲೆ ತನ್ನ ಫೋನ್ ನಂಬರು ದಪ್ಪಕ್ಷರದಲ್ಲಿ ಬರೆದು, ಎರಡು ಸಲ ಅಡಿಗೆರೆ ಎಳೆದು ಕೊಟ್ಟಳು.

ಹಾವಿಗೆ ಮಾರ್ಮಲೇಡ್ ಎಂದು ಹೆಸರಿಟ್ಟವಳು ಗ್ಲೆನಿಸ್. ಆ ಕಿತ್ತಳೆ ಜಾಮಿನದೇ ಬಣ್ಣದ ಮೈ, ಬೆನ್ನುದ್ದಕ್ಕೂ ಕಪ್ಪು ಉಂಗುರಗಳು. ಮೊದಲ ವಾರ ಮುಟ್ಟಬಾರದು, ಉಣ್ಣಿಸಬಾರದು, ಸುಮ್ಮನೆ ಬಿಡಬೇಕು ಎಂದಿದ್ದಳು ಬ್ರೆಂಡಾ. ಅಷ್ಟನ್ನೂ ಟ್ರೆವರ್ ಚಾಚೂ ತಪ್ಪದೆ ಮಾಡಿದ. ಎರಡನೆಯ ವಾರ ಕೊಟ್ಟ ಇಲಿಯನ್ನು ಹಾವು ತಿಂದಿತು. ಆ ದಿನ ಅವನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದ.

ತೇವದ ಮಾತನ್ನು ಅವನು ಕೇಳದೆ ಇದ್ದನೆಂದಲ್ಲ. ಕಿಂಡಿಗೆ ಹಲಗೆ ಹೊಡೆದ, ಮಾರನೆಯ ದಿನ ಗಾಜಿನ ಮೇಲೆ ನೀರ ಹನಿ ಕಂಡು ಕಳವಳವಾಗಿ ತೆಗೆದ. ಮತ್ತೆ ಹೊಡೆದ, ಮತ್ತೆ ಅರ್ಧ ತೆಗೆದ. ಗೇಣೆತ್ತರದ ಪಾಚಿ ಅವನ ಕೈಯಲ್ಲಿ ಎರಡು ಬೆರಳಿನಷ್ಟಾಯಿತು. ಬೆಳಿಗ್ಗೆ ಸಂಜೆ ಬಾಟಲಿಯಿಂದ ನೀರು ಸಿಂಪಡಿಸುತ್ತಿದ್ದ. ಆದರೂ ಪೆಟ್ಟಿಗೆಯೊಳಗೆ ಗಾಳಿಯ ತೇವ ಅಳೆಯಲು ಇಟ್ಟಿದ್ದ ಮಾಪಕದ ಮುಳ್ಳು ನಲವತ್ತೈದು, ಐವತ್ತರ ಹತ್ತಿರವೇ ಸುಳಿದಾಡುತ್ತಿತ್ತು. ಮುಳ್ಳೇ ಕೆಟ್ಟಿರಬೇಕೆಂದು ಹೊಸದು ತಂದ. ಅದೂ ಅಷ್ಟೇ ತೋರಿಸಿತು.

ಆಗಸ್ಟ್ ಹೊತ್ತಿಗೆ ಹಾವು ಇಲಿಯ ಕಡೆ ತಿರುಗಿ ನೋಡುವುದನ್ನು ಬಿಟ್ಟಿತು. ಪಕ್ಕೆಯ ಚರ್ಮ ಸುಕ್ಕುಗಟ್ಟಿತು. ಪೊರೆ ಬಿಡುವ ಕಾಲ ಬಂದಾಗ ಕಾಲುಚೀಲದ ಹಾಗೆ ಇಡಿಯಾಗಿ ಕಳಚಿ ಬರಬೇಕಾದ ಪೊರೆ ಚೂರುಚೂರಾಗಿ ಎದ್ದಿತು. ಅರ್ಧ ಮೈಗೆ ಅಂಟಿಕೊಂಡೇ ಉಳಿಯಿತು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೂ ಪೊರೆಯೇ. ಅದೂ ಹೋಗದೆ ಎರಡು ಕಣ್ಣೂ ಹಾಲುಗಾಜಿನಂತಾದವು. ಬಣ್ಣದ ಮಾತು ಹಾಗಿರಲಿ, ಬಿಸಿಲಿಗೆ ಹಿಡಿದರೂ ಅದು ಹಳೆಯ ಚಪ್ಪಲಿಯ ಚರ್ಮದಂತೆ ಕಾಣುತ್ತಿತ್ತು. ಬ್ರೆಂಡಾಳ ನಂಬರಿದ್ದ ಮುಚ್ಚಳ ಕಪಾಟಿನ ಮೇಲೆ ಕಣ್ಣಿಗೆ ಕುಕ್ಕುವಂತೆ ಕೂತಿತ್ತು. ತೇವದ ವಿಷಯ ನನಗೆ ಹೇಳಬೇಕಾ ಎಂದು ಜಂಬ ಕೊಚ್ಚಿದ ಬಾಯಿಯಿಂದ ಯಾವ ಮುಖ ಹೊತ್ತು ಫೋನ್ ಮಾಡುವುದು?

ಒಂದು ಬೆಳಿಗ್ಗೆ ಗ್ಲೆನಿಸ್ ಟೀ ಲೋಟ ಹಿಡಿದು ಹಾವಿನ ಪೆಟ್ಟಿಗೆಯಿದ್ದ ಮಲಗುಕೋಣೆಯ ಬಾಗಿಲಲ್ಲಿ ನಿಂತಳು. ಟ್ರೆವರ್ ಅವಳನ್ನು ನೋಡಲಿಲ್ಲ. ಅವನು ಪೆಟ್ಟಿಗೆಗೆ ನೀರು ಸಿಂಪಡಿಸಿದ, ಬಾಟಲಿ ಕೆಳಗಿಟ್ಟ, ಗಾಜು ಮುಚ್ಚಿದ.

"ಟ್ರೆವರ್, ಈಗ ಏನ್ಮಾಡ್ದೆ?"

"ನೀರು ಹೊಡೆದೆ."

"ಅದರ ನಂತರ?"

"ಗಾಜು ಮುಚ್ಚಿದೆ."

"ನಡುವೆ?"

"ನಡುವೆ ಏನಿಲ್ಲ."

"ಕೈ ನೋಡ್ಕೊ."

ಟ್ರೆವರ್ ಕೈ ನೋಡಿಕೊಂಡ. ಎಡಗೈಯಲ್ಲಿ ಒರೆಸುವ ಬಟ್ಟೆಯಿತ್ತು. ಬಟ್ಟೆ ಒದ್ದೆಯಾಗಿತ್ತು. ಪೆಟ್ಟಿಗೆಯ ಒಳಗೋಡೆ, ಮೂಲೆ, ಗಾಜು ಎಲ್ಲವೂ ಒಣಗಿ ಲಕಲಕ ಹೊಳೆಯುತ್ತಿದ್ದವು. ದಿನಕ್ಕೆರಡು ಬಾರಿಯಂತೆ ಎರಡೂವರೆ ತಿಂಗಳು ಹೀಗೆಯೇ ಒರೆಸಿದ್ದ. ತಾನು ಒರೆಸುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಸುಬಿನ ಗುಣ ಅದಕ್ಕಿಂತ ಒಂದು ಕೈ ಮೇಲು. ಅವನು ಹಾಸಿಗೆಯ ಅಂಚಿನಲ್ಲಿ ಕುಕ್ಕರಿಸಿದ.

"ನಾನೇ ಕೊಲ್ತಾ ಇದ್ದೀನಿ ಗ್ಲೆನಿಸ್."

"ಗೊತ್ತಿಲ್ದೆ ಮಾಡಿದ್ದೀಯ. ಆದ್ರೆ ಆ ಕಿಂಡಿ? ಅದನ್ನ ಗೊತ್ತಿದ್ದೂ ತೆಗೀತಾ ಇದ್ದೆ. ಆ ಹೆಂಗಸು ಬಾಯಿ ಬಿಟ್ಟು ಹೇಳಿದ್ಳಂತಲ್ಲ, ಮುಚ್ಚು ಅಂತ?"

ಅವನು ಬಟ್ಟೆಯನ್ನು ಕೆಳಗೆ ಹಾಕಿದ. "ಇದು ಮನೆ ಒಳಗಿನ ಕೋಣೆ. ಪೆಟ್ಟಿಗೆ ತೊಟ್ಟಿಕ್ಕೋ ಹಾಗಾದ್ರೆ ಕೋಣೆಗೆ ಬರುತ್ತೆ, ಕೋಣೆಯಿಂದ ನಿನಗೆ ಬರುತ್ತೆ. ನಿನ್ನ ಎದೆ..." ಎಂದ.

"ನನ್ನ ಎದೆನ ಕೇಳಿದ್ಯಾ?"

"ಕೇಳೋದೇನು, ಇಪ್ಪತ್ತೇಳು ವರ್ಷಕ್ಕೇ ಆಸ್ಪತ್ರೆಲಿ ಮಲಗಿದ್ದೆ ನೀನು. ಹಾವು ಇನ್ನೊಂದು ಸಿಗುತ್ತೆ. ನೀನು ಸಿಗ್ತೀಯಾ? ವಾಪಸ್ ಕೊಟ್ಟು ಬರ್ತೀನಿ. ಅವಳ ಹತ್ರನಾದ್ರೂ ಬದುಕಲಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಗಾದೆ ಹೇಳುವುದು ಸುಲಭ. ಇಲ್ಲಿ ಹಾವು ಸಾಯುತ್ತಲೇ ಇತ್ತು. ಟ್ರೆವರ್ ಮಾರ್ಮಲೇಡ್‌ನನ್ನು ಒದ್ದೆ ಬಟ್ಟೆಯ ಚೀಲಕ್ಕೆ ಇಳಿಸಿ ಕಾರಿನಲ್ಲಿಟ್ಟ. ಇಳಿಸುವಾಗ ಅದು ಕಚ್ಚಲೂ ಇಲ್ಲ. ಮನೆಗೆ ಬಂದ ದಿನ ಬುಸುಗುಟ್ಟಿ ಎರಡು ಸಲ ಬೆರಳಿಗೆ ಹಾರಿದ್ದ ಹಾವು ಈಗ ಹಗ್ಗದ ತುಂಡಿನಂತೆ ಕೈಯಲ್ಲಿ ಜೋತುಬಿತ್ತು. ಕಾರು ಹೊರಡುವಷ್ಟರಲ್ಲಿ ಗ್ಲೆನಿಸ್ ಕೋಟು ಹಾಕಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು.

ಬ್ರೆಂಡಾಳ ಮನೆ ಬಾರ್ನ್ಸ್‌ಲಿಯ ಹಳೆಯ ಗಣಿಕಾರ್ಮಿಕರ ಬೀದಿಯಲ್ಲಿತ್ತು. ಟ್ರೆವರ್ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿದ. ಕಿಂಡಿ, ಬಲೆ, ಎರಡು ಬೆರಳಿನ ಪಾಚಿ, ಒರೆಸುವ ಬಟ್ಟೆ ಒಂದನ್ನೂ ಬಿಡಲಿಲ್ಲ. ಬ್ರೆಂಡಾ ಬೈಯಲಿಲ್ಲ. ಚೀಲ ತೆಗೆದು ಒಳಗೆ ನೋಡಿದಳು, ಅವಳ ಮುಖ ಬಿಗಿಯಿತು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಒರಟು ಟವೆಲುಗಳ ನಡುವೆ ಹಾವನ್ನು ಬಿಟ್ಟು ಡಬ್ಬಿಯ ಮುಚ್ಚಳ ಹಾಕಿದಳು.

"ಒಂದು ಗಂಟೆ. ಅದೇ ನುಸುಳಿ ನುಸುಳಿ ಕಳಚ್ಕೊಳ್ಳುತ್ತೆ. ನಾವು ಕೈ ಹಾಕಂಗಿಲ್ಲ. ಬನ್ನಿ, ಟೀ ಕುಡಿಯೋಣ" ಎಂದು ಅವರನ್ನು ಹಾವಿನ ಕೋಣೆಗೇ ಕರೆದೊಯ್ದಳು. ಆ ಮನೆಯಲ್ಲಿ ಕೂರಲು ಬೇರೆ ಕೋಣೆ ಇದ್ದಂತಿರಲಿಲ್ಲ.

ಗೋಡೆಯುದ್ದಕ್ಕೂ ಇಪ್ಪತ್ತೆರಡು ಪೆಟ್ಟಿಗೆಗಳು. ಒಂದೊಂದರ ಗಾಜಿನ ಒಳಗೂ ಹನಿ ಇಳಿಯುತ್ತಿತ್ತು, ಪಾಚಿ ತೊಯ್ದು ತೊಪ್ಪೆಯಾಗಿತ್ತು. ಟ್ರೆವರ್‌ನ ಕಣ್ಣು ಹೋದದ್ದು ಗ್ಲೆನಿಸ್‌ಳ ಕಡೆ. ಕೈ ಹೋದದ್ದು ಜೇಬಿಗೆ. ಅವನು ಕಿಟಕಿಯ ಕೆಳಗಿನ ಗೋಡೆಗೆ ಮೀಟರು ಒತ್ತಿದ.

"ಏನಪ್ಪಾ ಅದು, ನನ್ನ ಗೋಡೆಗೆ ಇಂಜೆಕ್ಷನ್ನಾ?" ಎಂದಳು ಬ್ರೆಂಡಾ.

"ಹನ್ನೊಂದು" ಎಂದ ಟ್ರೆವರ್ ತನಗೇ ಹೇಳಿಕೊಂಡಂತೆ. ಪೆಟ್ಟಿಗೆಗಳ ಹಿಂದೆ ತೋಳು ತೂರಿಸಿ ಅಳೆದ. ಹನ್ನೆರಡು. ಮೂಲೆ, ನೆಲದಂಚು, ಛಾವಣಿಯ ಕೆಳಗೆ ಎಂದು ಬ್ರೆಂಡಾಳ ಕುರ್ಚಿ ಹತ್ತಿ ಕೂಡ ಅಳೆದ. ಎಲ್ಲಿಯೂ ಹದಿಮೂರು ದಾಟಲಿಲ್ಲ. ಅವನ ಮನೆಯ ಗೋಡೆಯಷ್ಟೇ ಈ ಗೋಡೆಯೂ ಒಣಗಿತ್ತು.

"ತೇವ ಇರೋದು ಪೆಟ್ಟಿಗೆ ಒಳಗೆ, ರಾಜಾ. ಪೆಟ್ಟಿಗೆ ಸರಿಯಾಗಿ ಮುಚ್ಚಿದ್ರೆ ಗೋಡೆಗ್ಯಾಕೆ ಬರುತ್ತೆ? ನಿನ್ನ ಹಾಗೆ ಕಿಂಡಿ ಬಿಟ್ಟು ಸಿಂಪಡಿಸಿದ್ರೇ ಕೋಣೆಗೆ ಬರೋದು."

ಇಬ್ಬರು ಹೆಂಗಸರೂ ಶಾಲೆಯ ಊಟದ ಗಂಟುಗಂಟಾದ ಕಸ್ಟರ್ಡಿನ ಕಥೆಗೆ ಇಳಿದರು. ಗ್ಲೆನಿಸ್ ಎರಡನೆಯ ಲೋಟ ಟೀ ಹಾಕಿಸಿಕೊಂಡಳು. ಟ್ರೆವರ್ ಹತ್ತು ನಿಮಿಷಕ್ಕೊಮ್ಮೆ ಅವಳ ಕಡೆ ಬಗ್ಗಿ "ಎದೆ ಹೇಗಿದೆ?" ಎಂದು ಕೇಳುತ್ತಿದ್ದ. ಮೂರನೆಯ ಸಲ ಕೇಳಿದಾಗ ಅವಳು ಲೋಟವನ್ನು ಸದ್ದಾಗುವಂತೆ ಕೆಳಗಿಟ್ಟಳು.

"ನೋಡು, ಇವಳ ಎದುರಿಗೇ ಹೇಳ್ತೀನಿ. ನನಗೆ ಉಬ್ಬಸ ಇರೋದು ನಿಜ. ಉಸಿರಿನ ಪಂಪು ಚೀಲದಲ್ಲಿದೆ, ಬೇಕಾದಾಗ ತಗೋತೀನಿ. ಆದ್ರೆ ಮೂವತ್ತನಾಲ್ಕು ವರ್ಷ ಪಕ್ಕದಲ್ಲಿ ನಿಂತು ಒಬ್ಬ ನನ್ನ ಉಸಿರು ಎಣಿಸ್ತಾ ಇದ್ರೆ ಗಟ್ಟಿ ಎದೆಯೋರಿಗೂ ಉಸಿರು ಕಟ್ಟುತ್ತೆ ಟ್ರೆವರ್. ನೀನು ಒಳ್ಳೆಯವನು, ನನಗೆ ಗೊತ್ತು. ನಿನ್ನ ಬಿಟ್ಟು ಇರೋದಕ್ಕೆ ನನ್ನ ಕೈಲಾಗಲ್ಲ, ಅದೂ ಗೊತ್ತು. ಆದ್ರೆ ನನ್ನ ಹೆಸರು ಹೇಳ್ಕೊಂಡು ಆ ಪ್ರಾಣಿನ ಒಣಗಿಸ್ಬೇಡ. ಆ ಪಾಪ ನನ್ನ ತಲೆಗೆ ಕಟ್ಬೇಡ."

ಟ್ರೆವರ್‌ನ ಕಿವಿ ಕೆಂಪಾಯಿತು. ಹೆಂಡತಿಗೆ ಅವನು ಎಂದೂ ಎದುರಾಡಿದವನಲ್ಲ. ಈ ಸಲವಂತೂ ಅವಳು ಹೇಳಿದ್ದು ಸರಿಯೆಂದು ಅವನ ಎದೆಯೊಳಗೆ ಇಳಿದುಹೋಗಿತ್ತು. ಬ್ರೆಂಡಾ ಏನೂ ಕೇಳಿಸದವಳಂತೆ ಎದ್ದುಹೋಗಿ ಬಿಸ್ಕತ್ತಿನ ತಟ್ಟೆ ತುಂಬಿಸಿಕೊಂಡು ಬಂದಳು.

ಗಂಟೆ ಕಳೆದು ಡಬ್ಬಿ ತೆರೆದರೆ ಟವೆಲಿನ ತುಂಬ ಪೊರೆಯ ಚೂರುಗಳು. ಮೈ ಬಹುತೇಕ ಬಿಡುಗಡೆಯಾಗಿತ್ತು, ಎಡಗಣ್ಣು ತಿಳಿಯಾಗಿತ್ತು. ಬಲಗಣ್ಣಿನ ಮೇಲಿನ ಪೊರೆ ಮಾತ್ರ ಹಾಗೇ ಇತ್ತು.

"ತೆಗೆಯಕ್ಕಾಗಲ್ವಾ?" ಎಂದ ಟ್ರೆವರ್.

"ಕಿತ್ತರೆ ಕಣ್ಣೇ ಬರುತ್ತೆ. ಡಾಕ್ಟರಿಗೂ ತೋರಿಸ್ತೀನಿ, ಅವರೂ ಇದನ್ನೇ ಹೇಳ್ತಾರೆ. ಮುಂದಿನ ಪೊರೆ ಇಡಿಯಾಗಿ ಬಂದ್ರೆ ಅದರ ಜೊತೆ ಇದೂ ಬರುತ್ತೆ, ಕಣ್ಣು ಉಳಿಯುತ್ತೆ. ಮತ್ತೆ ಚೂರುಚೂರು ಬಂತೋ, ಆ ಕಣ್ಣಿನ ಆಸೆ ಬಿಟ್ಟುಬಿಡು."

"ಹಾಗಾದ್ರೆ ನಿಮ್ಮ ಹತ್ರನೇ ಇರ್ಲಿ ಅಮ್ಮಾ. ನನ್ನ ಕೈ ನಂಬಕ್ಕಾಗಲ್ಲ."

"ಇರುತ್ತೆ, ಒಂದು ತಿಂಗಳು. ಚೇತರಿಸ್ಕೊಂಡು ತಿನ್ನಕ್ಕೆ ಶುರು ಮಾಡ್ಲಿ. ಅಷ್ಟರಲ್ಲಿ ನೀನು ಪೆಟ್ಟಿಗೆ ಮಾಡು" ಎಂದಳು ಬ್ರೆಂಡಾ. "ಹಾವು ಸೊರಗಿಸಿದವರು ಬೇಕಾದಷ್ಟು ಜನ ಇದಾರೆ. ಹೊತ್ಕೊಂಡು ಬಂದು ನಾನೇ ಮಾಡಿದ್ದು ಅಂತ ಹೇಳಿದವನು ನೀನೇ ಮೊದಲು. ಇಷ್ಟು ವರ್ಷ ನೀರು ಒಳಗೆ ಬರದ ಹಾಗೆ ಕಟ್ಟಿದ್ದೀಯ. ಈಗ ಹೊರಗೆ ಹೋಗದ ಹಾಗೆ ಕಟ್ಟು. ಕೆಲಸ ಅದೇ ಅಲ್ವೇನಪ್ಪಾ, ಮಗ್ಗುಲು ಬೇರೆ."

ಆ ಮಾತು ಟ್ರೆವರ್‌ಗೆ ನಾಟಿತು. ಮನೆಗೆ ಬಂದವನೇ ಮರದ ಚೆಂದದ ಪೆಟ್ಟಿಗೆಯನ್ನು ಗ್ಲೆನಿಸ್‌ಳ ಬೂಟುಗಳಿಗೆ ಬಿಟ್ಟುಕೊಟ್ಟ. ನೀರಿಗೆ ಜಗ್ಗದ ಪ್ಲಾಸ್ಟಿಕ್ ಹಲಗೆ ತಂದು ಹೊಸದನ್ನು ಶುರು ಮಾಡಿದ. ನೆಲಮಾಳಿಗೆಯ ಮೂಲೆಗಳನ್ನು ಹೇಗೆ ಬೆರಳಿನಿಂದ ದುಂಡಗೆ ತಿದ್ದಿ ಮುಚ್ಚುತ್ತಿದ್ದನೋ ಹಾಗೆಯೇ ಇದರ ಮೂಲೆಗಳನ್ನು ಒಳಗಿನಿಂದ ತಿದ್ದಿ ಮುಚ್ಚಿದ. ಗಾಳಿಗೆ ಮೇಲಂಚಿನಲ್ಲಿ ಪೆನ್ಸಿಲು ತೂರುವಷ್ಟು ನಾಲ್ಕೇ ತೂತು. ಅಂಟಿನ ವಾಸನೆ ಪೂರ್ತಿ ಹೋಗಲೆಂದು ಮೂರು ವಾರ ತೆರೆದಿಟ್ಟ. ಆಮೇಲೆ ಮೊಣಕಾಲೆತ್ತರ ನೀರು ತುಂಬಿ, ಕೆಳಗೆ ಹಳೆಯ ಪತ್ರಿಕೆ ಹಾಸಿ ಒಂದಿಡೀ ದಿನ ಬಿಟ್ಟ. ಪತ್ರಿಕೆಯ ಮೇಲೆ ಒಂದು ಹನಿ ಬೀಳಲಿಲ್ಲ. ನಲವತ್ತೆರಡು ವರ್ಷದ ಕೆಲಸದಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ ಎಂದು ಅವನೇ ಹೇಳುತ್ತಾನೆ.

ಸೆಪ್ಟೆಂಬರಿನಲ್ಲಿ ಬ್ರೆಂಡಾ ತಾನೇ ಬಂದಳು. ಪಾಚಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಿ, ಮುಳ್ಳು ನೋಡಿ, "ಹೂಂ" ಎಂದಳು. ಮಾರ್ಮಲೇಡ್‌ನನ್ನು ಒಳಗೆ ಬಿಟ್ಟಳು. ಅದು ಪಾಚಿಯೊಳಗೆ ನುಗ್ಗಿ ಮಾಯವಾಯಿತು. ಮುಳ್ಳು ಎಂಬತ್ತೆಂಟರಲ್ಲಿ ನಿಂತಿತ್ತು.

ಮೊದಲ ವಾರ ಟ್ರೆವರ್ ಪಟ್ಟ ಪಾಡು ಹೇಳತೀರದು. ಗಾಜಿನ ಮೇಲೆ ಹನಿ ಇಳಿಯುವುದನ್ನು ನೋಡುತ್ತ ಸುಮ್ಮನೆ ಕೂರುವುದು ಅವನಿಗೆ ಶಿಕ್ಷೆಯಾಗಿತ್ತು. "ಕೈ ಮೇಲೆ ಕೂತ್ಕೊಳ್ಳಪ್ಪಾ" ಎಂದು ಗ್ಲೆನಿಸ್ ಗೇಲಿ ಮಾಡಿದರೆ ನಿಜವಾಗಿಯೂ ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದ. ಮನೆಯಲ್ಲಿದ್ದ ಒರೆಸುವ ಬಟ್ಟೆಗಳನ್ನೆಲ್ಲ ಅವಳು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ಕೋಣೆಯ ಗೋಡೆ ಹನ್ನೆರಡರಲ್ಲೇ ಇತ್ತು. ಹಾವು ಇಲಿ ತಿಂದಿತು, ಹತ್ತು ದಿನ ಬಿಟ್ಟು ಮತ್ತೆ ತಿಂದಿತು. ಸುಕ್ಕು ಹೋಯಿತು, ಮೈ ತುಂಬಿತು. ಬಲಗಣ್ಣು ಮಾತ್ರ ಮಂಜಾಗಿಯೇ ಇತ್ತು. ತಾನು ಮಾಡಿದ್ದು ದಿನವೂ ಆ ಕಣ್ಣಿನಿಂದ ತನ್ನನ್ನು ನೋಡುತ್ತಿದೆ ಎಂದು ಟ್ರೆವರ್‌ಗೆ ಅನಿಸುತ್ತಿತ್ತು.

ಅಕ್ಟೋಬರ್ ಕೊನೆಯಲ್ಲಿ ಹಾವಿನ ಬಣ್ಣ ಮಸುಕಾಯಿತು, ಹೊಟ್ಟೆ ಗುಲಾಬಿಯಾಯಿತು, ಎಡಗಣ್ಣೂ ನೀಲಿಗಟ್ಟಿತು. ಪೊರೆ ಬಿಡುವ ಕಾಲ. ನಾಲ್ಕೈದು ದಿನಕ್ಕೆ ಎಡಗಣ್ಣು ಮತ್ತೆ ತಿಳಿಯಾಯಿತು. ಇನ್ನು ಯಾವ ಗಳಿಗೆಯಲ್ಲಾದರೂ ಕಳಚಬಹುದು. ಟ್ರೆವರ್ ಆ ವಾರದ ಕೆಲಸ ಬಿಡುವವನಿದ್ದ, ಗ್ಲೆನಿಸ್ ಗದರಿಸಿ ಕಳಿಸಿದಳು. "ನೀನು ಇಲ್ಲಿ ಕೂತು ಪೆಟ್ಟಿಗೆ ನುಂಗೋ ಹಾಗೆ ನೋಡ್ತಿದ್ರೆ ಯಾವ ಹಾವೂ ಬಟ್ಟೆ ಬಿಚ್ಚಲ್ಲ. ಹೋಗು."

ಅವನು ಹೆಬ್ಡನ್ ಬ್ರಿಜ್‌ನಲ್ಲಿ ಹೊಸದಾಗಿ ಮನೆ ಕೊಂಡ ಒಬ್ಬ ಹುಡುಗಿಯ ಮನೆಗೆ ಹೋದ. ಅವಳ ಜೀವಮಾನದ ಮೊದಲ ಮನೆ. ಗೋಡೆಯ ಬಗ್ಗೆ ಯಾರೋ ಅವಳಿಗೆ ಹೆದರಿಕೆ ಹುಟ್ಟಿಸಿದ್ದರು. ಅವಳು ಹಿಂದೆಹಿಂದೆಯೇ ಬರುತ್ತಿದ್ದಳು, ಟ್ರೆವರ್ ಮೆಟ್ಟಿಲ ಪಕ್ಕದ ಗೋಡೆಗೆ ಮೀಟರು ಒತ್ತುತ್ತ ಅಂಕಿ ಬರೆದುಕೊಳ್ಳುತ್ತಿದ್ದ. ಹನ್ನೊಂದು ಗಂಟೆಗೆ ಫೋನು ಬಂತು. ಕೆಲಸದ ಹೊತ್ತಿನಲ್ಲಿ ಗ್ಲೆನಿಸ್ ಎಂದೂ ಫೋನ್ ಮಾಡುವವಳಲ್ಲ.

"ಬಿಚ್ಚಿಹಾಕಿದೆ ನೋಡು" ಎಂದಳು. "ಒಂದೇ ಉದ್ದಕ್ಕೆ. ಮೂತಿಯಿಂದ ಬಾಲದವರೆಗೆ. ಎಲ್ಲೂ ಹರಿದಿಲ್ಲ."

"ಕಣ್ಣು?" ಎಂದ ಟ್ರೆವರ್.

"ತಾಳು, ಹೇಳ್ತೀನಿ. ಪೊರೆ ಪಾಚಿ ಒಳಗೆ ಹೂತಿತ್ತು, ಕೈ ಹಾಕಿ ತೆಗೆದೆ. ಏನು ಬೆಚ್ಚಗಿದೆ ಮಾರಾಯ ಒಳಗೆ! ತೋಳೆಲ್ಲ ಕೆಸರು. ತಲೆಯ ಭಾಗ ಬೆಳಕಿಗೆ ಹಿಡಿದು ನೋಡಿದೆ. ಕಣ್ಣಿನ ಪೊರೆ ಎರಡೂ ಇದಾವೆ, ಪುಟ್ಟ ಗಾಜಿನ ಬಟ್ಟಲ ಹಾಗೆ. ಬಲಗಡೇದು ದಪ್ಪಗಿದೆ, ಹಳೇದು ಹೊಸದು ಸೇರಿ ಬಂದಿರಬೇಕು. ಇವನು ನನ್ನನ್ನೇ ನೋಡ್ತಾ ಇದ್ದಾನೆ. ಎರಡೂ ಕಣ್ಣಲ್ಲೂ ನೋಡ್ತಾ ಇದ್ದಾನೆ ಟ್ರೆವರ್. ಮೈ ಹೇಗೆ ಹೊಳೀತಿದೆ ಗೊತ್ತಾ? ನೀನು ಹೇಳ್ತಿದ್ದಾಗ ನಾನು ನಂಬೇ ಇರ್ಲಿಲ್ಲ. ನೀಲಿ, ನೀಲಿ, ಬರೀ ನೀಲಿ."

ನಿನ್ನ ಎದೆ ಹೇಗಿದೆ ಎಂಬ ಪ್ರಶ್ನೆ ಟ್ರೆವರ್‌ನ ನಾಲಿಗೆಯ ತುದಿಗೆ ಬಂತು. ಒದ್ದೆ ಪಾಚಿಯಲ್ಲಿ ತೋಳು ಇಳಿಸಿ ನಿಂತವಳನ್ನು ಅವನು ಕಣ್ಣೆದುರು ಕಂಡ. ಅವಳ ಉಸಿರು ಫೋನಿನಲ್ಲಿ ಕೇಳುತ್ತಿತ್ತು, ಸಂತೋಷಕ್ಕೆ ಸ್ವಲ್ಪ ಜೋರಾಗಿತ್ತು. ಅವನು ಎಣಿಸಲಿಲ್ಲ.

"ಹಿಡ್ಕೊಂಡಿರ್ತೀಯಾ ಅವನನ್ನ, ನಾನು ಬರೋವರೆಗೂ?" ಎಂದ.

"ಹಿಡ್ಕೊಂಡೇ ಇದ್ದೀನಿ" ಎಂದಳು ಗ್ಲೆನಿಸ್.

ಅವನು ಫೋನು ಇಟ್ಟ. ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು, ಅರವತ್ತನಾಲ್ಕು ವರ್ಷದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. ಕಣ್ಣೀರು ಗಲ್ಲದಿಂದ ಕೋಟಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಮನೆಯ ಹುಡುಗಿ ಗಾಬರಿಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಯ್ಯೋ, ಗೋಡೆ ಅಷ್ಟೊಂದು ಹಾಳಾಗಿದೆಯಾ?"

"ಇಲ್ಲ ತಾಯಿ, ನಿಮ್ಮ ಗೋಡೆ ಚೆನ್ನಾಗಿದೆ" ಎಂದ ಟ್ರೆವರ್. "ಮನೆಯಿಂದ ಹೆಂಡತಿ ಫೋನ್ ಮಾಡಿದ್ಳು, ಅಷ್ಟೇ."